ಹಗೇವಿನೊಳಗಿನಿಂದ ಕೇಳಿದ ಮಾತು

ಮೊದಲು ವಂದನೆ. ನೇಗಿಲ ಮೊನೆಯನ್ನೂ ನಮ್ಮ ಹೆಜ್ಜೆಯ ಭಾರವನ್ನೂ ಒಂದೇ ಸಹನೆಯಿಂದ ಹೊತ್ತು, ಬಿತ್ತಿದ್ದನ್ನು ಮೇಲಕ್ಕೆ ಕೊಡುವ, ಬೆಳೆದದ್ದನ್ನು ಒಡಲೊಳಗಿಟ್ಟುಕೊಂಡು ಕಾಯುವ ಭೂದೇವಿಗೆ ವಂದನೆ. ಸಾಸಿವೆಯಷ್ಟು ಸಣ್ಣ ಕಾಳಿನಲ್ಲಿ ಕುಳಿತು ನಾಡಿನ ಹಸಿವನ್ನೆಲ್ಲ ಸಂತೈಸುವ ಅನ್ನಪೂರ್ಣೆಗೆ ವಂದನೆ. ಬರೆಯುವುದಕ್ಕೆ ಬೇಕಾದಷ್ಟು ಕಣ್ಣನ್ನೂ ನಗುವುದಕ್ಕೆ ಬೇಕಾದಷ್ಟು ಹಲ್ಲನ್ನೂ ಈ ಮುದುಕನಿಗೆ ಇನ್ನೂ ಉಳಿಸಿರುವ ಕುಲದೇವರಿಗೆ ವಂದನೆ. ಕಡೆಯದಾಗಿ, ಪೂರಿಗಾಲಿಯ ಆಚೆಯ ಒಂದು ಹಳ್ಳಿಯಲ್ಲಿ ಒಂದು ಹಗ್ಗವನ್ನು ಹೊಸೆದ, ನಾನು ಹೆಸರರಿಯದ ಕೈಗಳಿಗೂ ವಂದನೆ. ಆ ಹಗ್ಗ ಗಟ್ಟಿಯಾಗಿರದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ಇದನ್ನು ಬರೆಯುವವನೂ ಇರುತ್ತಿರಲಿಲ್ಲ.

ಗೃಹಸ್ಥಾಶ್ರಮದಲ್ಲಿ ಬಹುಕಾಲ ಕಳೆದ ಮೇಲೆ ನಾನು ಕಂಡುಕೊಂಡ ಒಂದು ಕ್ಷುಲ್ಲಕ ಸತ್ಯವಿದೆ: ಮನೆಯಲ್ಲಿರುವ ಅತ್ಯುತ್ತಮ ಪದಾರ್ಥವು ಸದಾ ಅತ್ಯಂತ ದುರ್ಗಮವಾದ ಸ್ಥಾನದಲ್ಲಿರುತ್ತದೆ. ನಾವಿರುವುದು ಮಂಡ್ಯದಲ್ಲಿ, ಬೆಲ್ಲಕ್ಕೆ ಬಡತನವಿಲ್ಲದ ಊರು. ಆದರೂ ನನ್ನ ಧರ್ಮಪತ್ನಿಯ ರಾಜ್ಯಭಾರದಲ್ಲಿ ನಿತ್ಯದ ಬೆಲ್ಲ ಕೈಗೆಟುಕುವ ಡಬ್ಬಿಯಲ್ಲಿರುತ್ತದೆ. ಆಲೆಮನೆಯಿಂದ ಬಂದ ಮೊದಲ ಪಾಕದ ಹೊಂಬಣ್ಣದ ಬೆಲ್ಲವು ಅಟ್ಟದ ಮೇಲೆ, ಮುರಿದ ತೊಟ್ಟಿಲು ಮತ್ತು ಕೊಳದಪ್ಪಲೆಗಳ ಹಿಂದೆ, ಬಾಯಿಗೆ ಬಟ್ಟೆ ಕಟ್ಟಿದ ಜಾಡಿಯಲ್ಲಿ ಅಜ್ಞಾತವಾಸ ಮಾಡುತ್ತಿರುತ್ತದೆ. ಅತಿಥಿಗಳು ಬಂದರೆ ಏಣಿ ಹತ್ತಬೇಕಾದವನು ನಾನು. ನನ್ನ ಶರೀರದ ಗಾತ್ರವನ್ನು ಕುರಿತು ಮುಂದೆ ಅನಿವಾರ್ಯವಾಗಿ ಪ್ರಸ್ತಾಪ ಬರುವುದರಿಂದ ಇಲ್ಲಿ ಇಷ್ಟನ್ನು ಮಾತ್ರ ಹೇಳುತ್ತೇನೆ: ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರೆ ಅದರ ಕೆಳಗಿದ್ದವರು ಯಾರೂ ಹೇಳದೆಯೇ ಹೊರಗೆ ಬರುತ್ತಾರೆ.

ಇದೇಕೆ ಹೀಗೆ ಎಂದು ಒಮ್ಮೆ ಆಕೆಯನ್ನು ಕೇಳಿದೆ. “ಕೈಗೆ ಸಿಗೋದು ಹಸಿವಿಗೆ, ಸಿಗದೆ ಇರೋದು ಹಬ್ಬಕ್ಕೆ” ಎಂದಳು. ಅರ್ಥಶಾಸ್ತ್ರವನ್ನು ಇದಕ್ಕಿಂತ ಸಂಕ್ಷೇಪವಾಗಿ ಬೋಧಿಸಿದವರನ್ನು ನಾನು ಕಂಡಿಲ್ಲ.

ಈ ಮಾತನ್ನು ಒಂದು ಸಂಜೆ ಜಗಲಿಯ ಮೇಲೆ ನನ್ನ ಮಿತ್ರ ರಂಗಸ್ವಾಮಿಗೆ ಹೇಳಿದೆ. ರಂಗಸ್ವಾಮಿ ಸಕ್ಕರೆ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞ. ಕಡಲು ದಾಟಿ ಹೋಗಿ ವಿದ್ಯೆ ಕಲಿತು, ಒಂದು ಟೋಪಿಯನ್ನೂ ಅನೇಕ ಕಥೆಗಳನ್ನೂ ತಂದವನು. ಅವನು ಯುರೋಪಿನಲ್ಲಿ ತಾನು ನೋಡಿದ ದ್ರಾಕ್ಷಾರಸದ ನೆಲಮಾಳಿಗೆಗಳನ್ನು ವರ್ಣಿಸತೊಡಗಿದ. ಗುಡ್ಡದ ಹೊಟ್ಟೆಯೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ಕೆಳಗೆ, ಬೀದಿ ಕೇರಿಗಳುಳ್ಳ ಊರಿನಂತೆ ಕವಲೊಡೆಯುವ ಕತ್ತಲ ಹಾದಿಗಳು. ಎರಡು ಕಡೆಯಲ್ಲಿಯೂ ಮಲಗಿದ ಆನೆಗಳಂತೆ ಸಾಲುಗಟ್ಟಿದ ಮರದ ಪೀಪಾಯಿಗಳು. ಮೇಣದ ಬತ್ತಿ ಹಿಡಿದು ಮುಂದೆ ನಡೆಯುವ ಯಜಮಾನ. ಮದ್ಯದ ಹೆಸರೆತ್ತಿದೊಡನೆಯೇ ನಾನು ಆಚಾರವಂತನಿಗೆ ತಕ್ಕಂತೆ ಕಿವಿ ಮುಚ್ಚಿಕೊಂಡಿದ್ದೆ. ಆದರೆ ಬೆರಳುಗಳ ನಡುವೆ ಸ್ವಲ್ಪ ಸಂದು ಬಿಟ್ಟಿದ್ದೆನೆಂಬುದನ್ನು ಓದುಗರ ಮುಂದೆ ಮರೆಮಾಚಲಾರೆ. “ತಂದೆಯ ಕಾಲದ ರಸವನ್ನು ಮಗನ ಮದುವೆಯಲ್ಲಿ ತೆರೆಯುತ್ತಾರೆ” ಎಂದು ಅವನು ಹೇಳಿದಾಗ ನನ್ನ ಕೈಗಳು ತಾವಾಗಿ ಕೆಳಗಿಳಿದವು.

“ಅದು ನಮ್ಮಲ್ಲಿಯೂ ಉಂಟು” ಎಂದೆ.

“ಏನು, ಮದ್ಯವೆ?” ಎಂದು ರಂಗಸ್ವಾಮಿ ಟೋಪಿ ತೆಗೆದು ಕೇಳಿದ.

“ರಾಗಿ” ಎಂದೆ.

ಅರಿಯದವರಿಗಾಗಿ ಹೇಳುತ್ತೇನೆ, ಅರಿತವರು ಕ್ಷಮಿಸಬೇಕು. ಮಳವಳ್ಳಿಯ ಕಡೆಯ ಗಟ್ಟಿ ಕಲ್ಲುಮಣ್ಣಿನ ದಿಣ್ಣೆಗಳಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ ತೋಡಿ, ಒಳಗೊಳಗೆ ಅಗಲಿಸಿಕೊಂಡು ಹೋಗಿ, ಗಡಿಗೆಯ ಆಕಾರದ ಗುಹೆಯನ್ನು ಮಾಡುತ್ತಾರೆ. ಅದೇ ಹಗೇವು. ಒಳಗೆ ಬೆಂಕಿ ಹಾಕಿ ಗೋಡೆಯ ತೇವವನ್ನು ಆರಿಸಿ, ಸುತ್ತಲೂ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಅದರ ಮೇಲೆ ನೆಲವನ್ನು ಸಮ ಮಾಡಿಬಿಟ್ಟರೆ, ಗರಿಕೆ ಬೆಳೆದು ದನ ಮೇಯುತ್ತವೆ. ಕೆಳಗೆ ರಾಗಿ ಹುಳು ಹಿಡಿಯದೆ, ವಯಸ್ಸಾಗದೆ, ವರ್ಷಗಳನ್ನು ನಿದ್ದೆಯಲ್ಲಿ ಕಳೆಯುತ್ತದೆ. ಮೊದಲೇ ವಂದಿಸಿದ, ಪೂರಿಗಾಲಿಯ ಆಚೆಯ ಆ ಹಳ್ಳಿಯಲ್ಲಂತೂ ಊರ ಹೊರಗಿನ ದಿಣ್ಣೆ ಪೂರ್ತಿಯೂ ಟೊಳ್ಳು. ಮನೆಮನೆಗೂ ಅಲ್ಲಿ ಹಗೇವು. ನಡೆದರೆ ಹೆಜ್ಜೆಯ ಕೆಳಗೆ ಮದ್ದಳೆಯ ದನಿ. ಮೇಲಿರುವ ಊರು ಉಣ್ಣುವುದನ್ನು ಕಾಯುತ್ತ ಕೆಳಗೊಂದು ಊರು ಮಲಗಿರುವಂತೆ.

ಅದೇ ಹಳ್ಳಿಯ ಬೋರೇಗೌಡ ಆ ವಾರವೇ ನಮ್ಮ ಮನೆಗೆ ಬಂದದ್ದು ದೈವಸಂಕಲ್ಪವೆಂದೇ ನನ್ನ ನಂಬಿಕೆ. ಹಿಂದೆ ನಾನು ಮಳವಳ್ಳಿಯ ಶಾಲೆಯಲ್ಲಿ ಪಂಡಿತನಾಗಿದ್ದಾಗ ಅವನೂ ಅವನ ಅಣ್ಣ ಕಾಳೇಗೌಡನೂ ನನ್ನ ಶಿಷ್ಯರು. ಈಗ ಬೋರೇಗೌಡನ ಮಗಳು ಚಿಕ್ಕತಾಯಿಗೆ ಮದ್ದೂರಿನ ಕಡೆಯ ವರ ಗೊತ್ತಾಗಿತ್ತು. ಆ ಮನೆಯಲ್ಲಿ ಒಂದು ಪದ್ಧತಿ: ಹೆಣ್ಣುಮಗು ಹುಟ್ಟಿದ ವರ್ಷದ ರಾಗಿಯನ್ನು ಒಂದು ಹಗೇವಿಗೆ ತುಂಬಿ, ಮನೆಯ ಹಿರಿಯ ಹೆಂಗಸು ತನ್ನ ಕೈಯಿಂದಲೇ ಅದರ ಬಾಯಿಗೆ ಮಣ್ಣು ಮೆತ್ತುವುದು; ಆ ಮಗುವಿನ ಮದುವೆಗೆ ಅದನ್ನು ತೆರೆದು ನೆಂಟರಿಗೆಲ್ಲ ಬಡಿಸುವುದು. ಚಿಕ್ಕತಾಯಿಯ ಹಗೇವಿಗೆ ಮಣ್ಣು ಮೆತ್ತಿದವಳು ಅವಳ ಅಜ್ಜಿ ಪುಟ್ಟಮ್ಮ. ಯುದ್ಧದ ದೆಸೆಯಿಂದ ಅಕ್ಕಿ ಸರ್ಕಾರದ ಕಂಟ್ರೋಲಿಗೆ ಸಿಕ್ಕಿ ಕಣ್ಣಿಗೆ ಬೀಳುವುದೇ ದುರ್ಲಭವಾಗಿದ್ದ ಆ ದಿನಗಳಲ್ಲಿ ಮದುವೆಯ ಊಟಕ್ಕೆಲ್ಲ ಆ ರಾಗಿಯೇ ಗತಿ. ಅದನ್ನು ತೆರೆಯಲು ಒಳ್ಳೆಯ ಗಳಿಗೆ ಇಟ್ಟುಕೊಡಬೇಕೆಂದು ಬೋರೇಗೌಡ ಕೇಳಿದ.

“ಅಣ್ಣ, ತಾಯಿ ಎಲ್ಲರೂ ಒಪ್ಪಿದರೇನು?” ಎಂದೆ.

ಅವನು ನೆಲ ನೋಡಿದ. “ನಮ್ಗೂ ಅವ್ರಿಗೂ ಮಾತಿಲ್ಲ, ಮೇಷ್ಟ್ರೇ.”

ಕಾರಣವನ್ನು ಕೇಳಿ ನನಗೆ ನಗುವೂ ಬಂತು, ಮರುಗಳಿಗೆಯಲ್ಲಿ ಕಣ್ಣೂ ತುಂಬಿತು. ಹೊಲ, ಮನೆ, ದನ ಎಲ್ಲವನ್ನೂ ಒಂದು ಕೆಟ್ಟ ಮಾತಿಲ್ಲದೆ ಹಂಚಿಕೊಂಡ ಅಣ್ಣತಮ್ಮಂದಿರು, ತಾಯಿ ಯಾರ ಮನೆಯಲ್ಲಿರಬೇಕೆಂಬಲ್ಲಿ ಮುರಿದುಕೊಂಡಿದ್ದರು. ಪುಟ್ಟಮ್ಮ ಹಿರಿಯ ಮಗನ ಮನೆಯಲ್ಲಿ ಉಳಿದಳು. ನನ್ನ ಮನೆಯ ಹಿಟ್ಟು ಅವಳಿಗೆ ರುಚಿಸಲಿಲ್ಲವೆ ಎಂದು ಕಿರಿಯವನು ಕೊರಗಿದ; ಆ ಕೊರಗು ಹಿರಿಯವನ ಕಿವಿಗೆ ಕೊಂಕಾಗಿ ತಲುಪಿತು. ತಾಯಿ ಬೇಡವೆಂದು ಬೀದಿಗೆ ಬಂದ ಮಕ್ಕಳ ಕಥೆಯನ್ನು ಕೇಳಿದ್ದೇವೆ. ಇಬ್ಬರಿಗೂ ಬೇಕಾಗಿ ಇಬ್ಬರೂ ಮಾತು ಬಿಟ್ಟ ಕಥೆ ನನಗೆ ಹೊಸದು. ಈಗ ಅಜ್ಜಿಯೂ ದೊಡ್ಡಪ್ಪನೂ ಬಾರದೆ ನನಗೆ ಧಾರೆ ಬೇಡವೆಂದು ಚಿಕ್ಕತಾಯಿ ಹಟ ಹಿಡಿದಿದ್ದಳಂತೆ. ಕರೆಯದೆ ಅವರು ಬರುವವರಲ್ಲ. ಕರೆಯಲು ಇವನು ಹೋಗುವವನಲ್ಲ.

“ನೀವಾದ್ರೂ ಬನ್ನಿ” ಎಂದ ಬೋರೇಗೌಡ. ಆ “ಆದ್ರೂ” ಎಂಬಲ್ಲಿ ಎಷ್ಟು ಜನರ ಅಭಾವವಿತ್ತೆಂಬುದನ್ನು ನಾನು ಬಲ್ಲೆ. ಬರುತ್ತೇನೆಂದೆ. ನಮ್ಮ ದೇಶದ ನೆಲಮಾಳಿಗೆಯನ್ನು ನೋಡುವ ಆಸೆಯಿಂದ ರಂಗಸ್ವಾಮಿಯೂ ಹೊರಟ.

ಆ ಕಾಲದ ಬಸ್ಸುಗಳು ಪೆಟ್ರೋಲು ಸಾಲದೆ ಇದ್ದಿಲಿನ ಹೊಗೆ ಕುಡಿದು ಓಡುತ್ತಿದ್ದವು; ಓಡುತ್ತಿದ್ದವೆಂಬುದು ಗೌರವಾರ್ಥದ ಪ್ರಯೋಗ. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿಯಬೇಕು. ನಾನು ಇಳಿದೊಡನೆ ಬಸ್ಸು ತಾನಾಗಿಯೇ ಏರನ್ನು ಹತ್ತಿತೆಂದು ರಂಗಸ್ವಾಮಿ ಇಂದಿಗೂ ಊರೆಲ್ಲ ಹೇಳುತ್ತಾನೆ. ಮಳವಳ್ಳಿಯಲ್ಲಿ ಇಳಿದು, ಬೋರೇಗೌಡ ಕಳುಹಿಸಿದ್ದ ಗಾಡಿಯಲ್ಲಿ ಹಳ್ಳಿ ಸೇರಿದೆವು.

ನಾನು ಇಟ್ಟುಕೊಟ್ಟ ಗಳಿಗೆಯಲ್ಲಿ, ಹಿಂದಿನ ದಿನವೇ, ಚಪ್ಪಡಿಯನ್ನು ಪೂಜೆ ಮಾಡಿ ಸರಿಸಿದ್ದರು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ; ಬಾಯಿ ತೆರೆದಿಟ್ಟು ಅದನ್ನು ಹೊರಗೆ ಬಿಡಬೇಕು, ಆಮೇಲೆ ದೀಪ ಇಳಿಬಿಡಬೇಕು, ದೀಪ ಆರಿದರೆ ಯಾರೂ ಇಳಿಯಬಾರದು. ನಾವು ಹೋದಾಗ ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ರಾಗಿಯನ್ನು ಕುಕ್ಕೆ ಕುಕ್ಕೆಯಾಗಿ ಮೇಲಕ್ಕೆಳೆದು ಕಂಬಳಿಗಳ ಮೇಲೆ ಸುರಿಯುತ್ತಿದ್ದರು. ಹಗೇವಿನ ರಾಗಿಗೆ ಒಂದು ವಾಸನೆಯಿದೆ. ಹಳೆಯ ಹುಲ್ಲು, ಬೆಚ್ಚನೆಯ ಮಣ್ಣು, ಮುಚ್ಚಿಟ್ಟ ಬಿಸಿಲು ಈ ಮೂರೂ ಸೇರಿದಂತಹದು. ರಂಗಸ್ವಾಮಿ ಒಂದು ಹಿಡಿ ಎತ್ತಿ ಮೂಸಿ, ಕಣ್ಣು ಮುಚ್ಚಿ ಸುಮ್ಮನೆ ನಿಂತ. ಬಹುಶಃ ಕಡಲಾಚೆಯ ಗುಡ್ಡದೊಳಕ್ಕೆ ಹೋಗಿದ್ದನೇನೋ. ಕಣ್ಣು ತೆರೆದು, “ಅಲ್ಲಿ ನೋಡಲು ಬಂದವರೂ ಒಳಗೆ ಇಳಿಯುತ್ತಾರೆ, ಪಂಡಿತರೆ” ಎಂದ.

ಆ ಮಾತಿನ ಹಿಂದಿದ್ದ ಕುಚೋದ್ಯವನ್ನು ನಾನು ಅರಿಯದವನಲ್ಲ. ಆದರೆ ಸ್ವದೇಶದ ಮರ್ಯಾದೆ ಒಂದು ಕಡೆ, ಭೂಗರ್ಭವನ್ನು ಕಾಣುವ ಕುತೂಹಲ ಇನ್ನೊಂದು ಕಡೆ. ಅವೆರಡರ ನಡುವೆ ವಿವೇಕಕ್ಕೆ ಜಾಗ ಸಾಲದೆ ಹೋಯಿತು. ಪಂಚೆಯನ್ನು ಕಚ್ಚೆ ಹಾಕಿ, ಕಂಕುಳಿಗೆ ಹಗ್ಗ ಕಟ್ಟಿಸಿಕೊಂಡು, ಇಷ್ಟದೇವತೆಯನ್ನು ನೆನೆದು, ಬಾಯೊಳಕ್ಕೆ ಕಾಲು ಬಿಟ್ಟೆ. ಹೊಟ್ಟೆ ಒಂದು ಕ್ಷಣ ಬಾಯಿಯ ಅಂಚಿನಲ್ಲಿ ತಡೆದು ವಿಚಾರ ಮಾಡಿತು. “ಉಸ್ರು ಬುಡಿ ಮೇಷ್ಟ್ರೇ, ಪೂರ್ತಿ ಬುಡಿ” ಎಂದು ಹಗ್ಗ ಹಿಡಿದ ಆಳುಗಳು ಕೂಗಿದರು. ಉಸಿರು ಬಿಟ್ಟೆ, ಇಳಿದೆ.

ಓದುಗ ಮಿತ್ರರೆ, ಅಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಒಂದು ಸಂಸಾರ ದುಂಡಗೆ ಕುಳಿತು ಉಣ್ಣಬಹುದಾದಷ್ಟು ವಿಶಾಲವಾದ ಕೋಣೆ. ಬೆಂಕಿಯಲ್ಲಿ ಬೆಂದು ಕೆಂಪಡರಿದ ಗೋಡೆ. ಹೊಂಬಣ್ಣ ಬಿಡದ ಹುಲ್ಲು. ಮೊಣಕಾಲ ತನಕ ಉಳಿದಿದ್ದ ರಾಗಿ, ಕಾಲಿಟ್ಟರೆ ನೀರಿನಂತೆ ಸರಿದು ಮತ್ತೆ ಕೂಡಿಕೊಳ್ಳುವುದು. ಮೇಲೆ ನೋಡಿದರೆ ತಟ್ಟೆಯಗಲದ ಆಕಾಶ. ಗರ್ಭಗುಡಿಯಲ್ಲಿ ನಿಂತಾಗ ಮಾತು ತಾನಾಗಿ ತಗ್ಗುವಂತೆ ನನ್ನ ಉಸಿರಾಟವೂ ತಗ್ಗಿತು. ಕತ್ತಲೆಯೆಂದರೆ ಭಯವೆಂದು ತಿಳಿದಿದ್ದವನಿಗೆ, ಕಾಪಾಡುವ ಕತ್ತಲೆಯೂ ಒಂದಿದೆಯೆಂದು, ನಾವೆಲ್ಲರೂ ಹುಟ್ಟುವ ಮೊದಲು ಅಂತಹ ಒಂದು ಕತ್ತಲೆಯಲ್ಲಿಯೇ ಇದ್ದೆವೆಂದು, ಅರವತ್ತು ದಾಟಿದ ಮೇಲೆ ತೋರಿತು. ಕೈಜೋಡಿಸಿದೆ.

ಆ ಧ್ಯಾನವನ್ನು ಮೇಲಿನಿಂದ ಬಂದ ಒಂದು ಗುಡುಗು ಮುರಿಯಿತು.

“ಯಾರ್ ಅಗೇವ್ಲಾ ಇದು?”

ಕಾಳೇಗೌಡನ ದನಿ. ಎತ್ತು ನೋಡಲು ಮದ್ದೂರಿನ ಕಡೆ ಹೋಗಿದ್ದವನು ಆಗತಾನೆ ಊರಿಗೆ ಬಂದು, ದಿಣ್ಣೆಯ ಮೇಲೆ ರಾಶಿ ಬಿದ್ದ ರಾಗಿಯನ್ನು ಕಂಡು ನೇರವಾಗಿ ಬಂದಿದ್ದ. ಉತ್ತರ ಬರಲಿಲ್ಲ. ಬೋರೇಗೌಡನಿಗೆ ಅಣ್ಣನೊಡನೆ ಮಾತಿಲ್ಲವಲ್ಲ!

“ನಿಮ್ ಗೌಡಂಗೆ ಏಳ್ರಲಾ” ಎಂದು ಕಾಳೇಗೌಡ ಆಳುಗಳ ಕಡೆ ತಿರುಗಿರಬೇಕು. “ಅವಂದು ಅಗೋ ಆ ಕಡೆದು. ಇದು ನಂದು. ನನ್ ರಾಗಿ ಸುರ್ಕಂಡು ಕೂತವ್ನೆ!”

ಗೌಡಗೌಡರ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ಆಳುಗಳು ಮೆಲ್ಲನೆ ದಿಣ್ಣೆ ಇಳಿದು ಹೋದರು. ಹೋಗುವಾಗ ಹಗ್ಗವನ್ನು ಕೆಳಗಿಟ್ಟು ಹೋದರೆಂಬುದನ್ನು ನಾನು ತಿಳಿದದ್ದು ಅದರ ಕೊನೆ ನನ್ನ ತಲೆಯ ಮೇಲೆ ಬಿದ್ದಾಗ. ಈಗ ಆ ತಟ್ಟೆಯಗಲದ ಆಕಾಶದಲ್ಲಿ ಬೋರೇಗೌಡನ ಮುಖ ಉದಯಿಸಿತು.

“ಮೇಷ್ಟ್ರೇ, ಕತ್ತಾಳೆ ಗಿಡದ ಪಕ್ಕದ್ದೇ ನಮ್ದು, ಪಾಲಾದಾಗ ಅಂಗೇ ಮಾತಾಗಿತ್ತು, ಅಂತ ಏಳಿ ಅವ್ರಿಗೆ.”

ನಾನು ಹಗೇವಿನಿಂದ, ಪಂಡಿತನಿಗೆ ಒಪ್ಪುವ ಭಾಷೆಯಲ್ಲಿ ಕೂಗಿದೆ: “ಕಾಳೇಗೌಡರೆ, ಕತ್ತಾಳೆಯ ಸಮೀಪದಲ್ಲಿರುವುದು ತಮ್ಮ ಸಹೋದರರಿಗೆ ಸೇರಿದುದಂತೆ!”

ಮೇಲೆ ಎರಡನೆಯ ಮುಖ ಕಾಣಿಸಿತು. “ಒಳಗ್ ಯಾರ್ಲಾ ಅದು?”

“ನಾನಪ್ಪ, ಮಂಡ್ಯದ ಪಂಡಿತ.”

“ಅಯ್ಯೋ, ನಮ್ ಮೇಷ್ಟ್ರು!” ಎಂದ ಕಾಳೇಗೌಡ. ಮರುಗಳಿಗೆಯಲ್ಲಿ ಸಿಟ್ಟು ಮತ್ತೆ ಬಂತು. “ನನ್ ರಾಗಿ ತಗ್ದು ಮೇಷ್ಟ್ರುನ್ನ ತುಂಬವ್ನೆ! ಮೇಷ್ಟ್ರೇ, ಆ ಬುದ್ವಂತಂಗೆ ಏಳಿ: ಹಳೇ ಕತ್ತಾಳೆ ಹೂ ಬುಟ್ಟು ಒಣಗೋಗಿ ಎಷ್ಟೋ ಕಾಲ ಆಯ್ತು. ಇದು ಅದ್ರ ಮರಿ, ಇತ್ಲಾಗ್ ಬಂದು ಎದ್ದದೆ. ಈ ದಿಣ್ಣೆ ಕಡೆ ಒಂದ್ಸಲನಾರ ತಲೆ ಆಕಿದ್ರೆ ಗೊತ್ತಾಗ್ತಿತ್ತು.”

ಸತ್ಯ ಅಷ್ಟೇ ಇತ್ತು. ಅಣ್ಣನ ಮೇಲಿನ ಮುನಿಸಿನಿಂದ ಬೋರೇಗೌಡ ಆ ದಿಣ್ಣೆಗೆ ಕಾಲಿಟ್ಟಿರಲಿಲ್ಲ. ಗುರುತು ಬಲ್ಲವರು ಇಬ್ಬರೇ, ಅಣ್ಣ ಮತ್ತು ತಾಯಿ. ಅವರನ್ನು ಕೇಳಲು ನಾಲಗೆ ಏಳಲಿಲ್ಲ. ನಾನೋ, ಯಾವ ಗಳಿಗೆಯಲ್ಲಿ ತೆರೆಯಬೇಕೆಂಬುದನ್ನು ಪಂಚಾಂಗ ನೋಡಿ ಸೂಕ್ಷ್ಮವಾಗಿ ಹೇಳಿದ್ದೆ; ಯಾವುದನ್ನು ತೆರೆಯಬೇಕೆಂದು ಪಂಚಾಂಗವೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

“ಗೊತ್ತಿಲ್ದೆ ಆಗೋಯ್ತು, ಎಲ್ಲಾನೂ ಒಳೀಕೆ ತುಂಬ್ಕೊಡ್ತೀನಿ ಅಂತ ಏಳಿ ಮೇಷ್ಟ್ರೇ.”

“ಮದ್ವೆ ಮನೇಲಿ ಏನಿಕ್ತಾನಂತೆ ಕೇಳಿ ಮೇಷ್ಟ್ರೇ. ಸೂಟು ಬೂಟ್ನೋರ್ನೆಲ್ಲ ಬೇರೆ ಕರ್ಕಬಂದವ್ನೆ.” ಇದು ರಂಗಸ್ವಾಮಿಯ ಟೋಪಿಯನ್ನು ಕುರಿತದ್ದು.

“ಅದ್ ಅವ್ರಿಗ್ಯಾಕಂತೆ? ಕರೀದೆ ಇರೋ ಮದ್ವೆ ಊಟದ ಇಚಾರ?”

“ಕರೀದೆ ಇದ್ದೋರು ಯಾರು ಅಂತ ಕೇಳಿ!”

ನಾನು ಕೇಳುವ ಅಗತ್ಯವಿರಲಿಲ್ಲ. ಹಗೇವಿನ ಗೋಡೆ ಪ್ರತಿಯೊಂದು ಮಾತನ್ನೂ ನನಗೆ ಎರಡು ಸಲ ಹೇಳುತ್ತಿತ್ತು. ರಾಯಭಾರಿಯ ಕೆಲಸ ಬಹಳ ಗೌರವದ್ದೆಂದು ಓದಿದ್ದೇನೆ. ಆದರೆ ರಾಯಭಾರಿಯನ್ನು ಹಳ್ಳದಲ್ಲಿ ನಿಲ್ಲಿಸಿ ಹಗ್ಗ ಬಿಟ್ಟುಹೋಗುವ ಪದ್ಧತಿಯನ್ನು ಎಲ್ಲಿಯೂ ಓದಿಲ್ಲ. ಅಷ್ಟರಲ್ಲಿ ದೀಪದ ಎಣ್ಣೆ ಮುಗಿಯುತ್ತ ಬಂದು ಕುಡಿ ಕುಗ್ಗಿತು. ದೀಪ ಕುಗ್ಗಿದರೆ ಏನರ್ಥವೆಂದು ಬೆಳಿಗ್ಗೆ ತಾನೆ ಕೇಳಿದ್ದ ನಾನು, ಇದು ಎಣ್ಣೆಯ ದೋಷವೋ ಗಾಳಿಯ ದೋಷವೋ ಎಂದು ವಿವೇಚಿಸುವ ಸ್ಥಿತಿಯಲ್ಲಿರಲಿಲ್ಲ. “ಅಪ್ಪಗಳಿರಾ, ದೀಪ ಆರುತ್ತಿದೆ!” ಎಂದು ಕೂಗಿದೆ. ಆ ಕೂಗಿನಲ್ಲಿ ಪಾಂಡಿತ್ಯದ ಲೇಶವೂ ಇರಲಿಲ್ಲ.

ಮೇಲೆ ಓಡಾಟದ ಸದ್ದು. ಹಗ್ಗದ ಕೊನೆಯನ್ನು ಮೇಲಕ್ಕೆ ಎಸೆದೆ. ಮೂರನೆಯ ಸಲಕ್ಕೆ ಸಿಕ್ಕಿತು. ಬೋರೇಗೌಡ ಎಳೆದ, ನಾನು ಕದಲಲಿಲ್ಲ. ರಂಗಸ್ವಾಮಿ ಕೈಜೋಡಿಸಿದ, ಅವನು ಕೈಜೋಡಿಸಿದ್ದರಿಂದ ಅವನ ಟೋಪಿ ಮಾತ್ರ ಹಗೇವಿಗೆ ಬಿತ್ತು. ಆಗ ಕೇಳಿತು ಆ ಮಾತು. ವರ್ಷಗಟ್ಟಲೆ ಮುಚ್ಚಿಟ್ಟಿದ್ದು, ಹುಳು ಹಿಡಿಯದೆ ಉಳಿದಿದ್ದು, ಏದುಸಿರಿನ ನಡುವೆ ತಾನಾಗಿ ಹೊರಗೆ ಬಂದದ್ದು:

“ಅಣ್ಣೋ! ಒಂದ್ ಕೈ ಆಕಣ್ಣೋ!”

ಹಗ್ಗ ಬಿಗಿಯಿತು. ನನ್ನ ಪಾದಗಳು ರಾಗಿಯನ್ನು ಬಿಟ್ಟವು. ಹಗೇವಿನ ಕತ್ತಿನ ಕಿರಿದಾದ ಭಾಗಕ್ಕೆ ಬಂದಾಗ ಮಾತ್ರ ನನ್ನ ಏರಿಕೆ ನಿಂತಿತು. ಮೇಲೆ ಚರ್ಚೆ ಮತ್ತೆ ಹತ್ತಿಕೊಂಡಿತ್ತು.

“ನೀನ್ ಸಡ್ಲ ಬುಟ್ಟೆ ಕಣ್ಲಾ.”

“ನೀನೇ ಬುಟ್ಟಿದ್ದು ಕಣಣ್ಣ, ನನ್ ಕೈ ನೋಡು, ಎಂಗ್ ಉಜ್ಕಂಡೋಗದೆ.”

“ಚಿಕ್ಕೋನಾಗಿದ್ದಾಗ್ಲೂ ಇಂಗೇಯ, ಎಳ್ಯೋದು ನಾನು, ಏದುಸ್ರು ಬುಡೋದು ನೀನು.”

ಅರ್ಧ ಭೂಮಿಯಲ್ಲಿಯೂ ಅರ್ಧ ಅಂತರಿಕ್ಷದಲ್ಲಿಯೂ ತೂಗುತ್ತಿದ್ದ ನಾನು, ಅವರು ಏಕವಚನಕ್ಕೆ ಇಳಿದದ್ದನ್ನು ಕೇಳಿ, ಇನ್ನೂ ಸ್ವಲ್ಪ ಹೊತ್ತು ತೂಗುತ್ತಿದ್ದರೂ ಅಡ್ಡಿಯಿಲ್ಲವೆಂದುಕೊಂಡೆ. ದೇವರು ನನ್ನ ಶರೀರಕ್ಕೆ ಇಷ್ಟು ಭಾರವನ್ನು ಏಕೆ ಕೊಟ್ಟನೆಂಬ ಬಹುದಿನದ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಿತು. ನಾನು ಕೃಶನಾಗಿದ್ದರೆ ಒಬ್ಬನೇ ಎಳೆದುಬಿಡುತ್ತಿದ್ದ.

ಕಡೆಗೆ ಹೊರಬಿದ್ದೆ: ಕೂದಲಲ್ಲಿ ಹುಲ್ಲು, ಮೀಸೆಯಲ್ಲಿ ಧೂಳು, ಕಿವಿಯಲ್ಲಿ ರಾಗಿ. ಕಾಳೇಗೌಡ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ತಮ್ಮನನ್ನು ನೋಡಿದ, ಅವನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ದನಿ ಬಂತು. ಬೋರೇಗೌಡನೂ ನಕ್ಕ. ಗುರುವಿನ ದುರವಸ್ಥೆಯನ್ನು ಕಂಡು ಶಿಷ್ಯರು ನಗುವುದು ಶಾಸ್ತ್ರಸಮ್ಮತವಲ್ಲ. ಆ ಶಾಸ್ತ್ರವನ್ನು ಅಂದಿಗೆ ಬದಿಗಿಟ್ಟು ನಾನೂ ನಕ್ಕೆ.

ನಗು ನಿಂತ ಮೇಲೆ ಕಾಳೇಗೌಡ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಒಂದು ಹಿಡಿ ರಾಗಿ ಎತ್ತಿದ. “ಮಗಿ ಮದ್ವೆಗೆ ಅಂತ್ಲೇ ತಗ್ದಿದ್ದು?”

“ಊ.”

“ಮಗಿಗೆ ಅಂತ ತಗ್ದಿದ್ನ ಮತ್ತೆ ಒಳೀಕೆ ಸುರೀಬಾರ್ದು. ತಕ್ಕಂಡೋಗು. ನಿಂದ್ರಲ್ಲಿರೋದ್ನ ನಾನ್ ತಕ್ಕತೀನಿ.”

ಇಲ್ಲಿಗೇ ಮುಗಿದಿದ್ದರೆ ಇದು ಸುಖಾಂತವಾದ ಸಣ್ಣ ಕಥೆಯಾಗುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರು ಇಬ್ಬರೂ ಸೇರಿ, ಚಿಕ್ಕತಾಯಿಯ ನಿಜವಾದ ಹಗೇವಿನ ಚಪ್ಪಡಿಯನ್ನು ಎತ್ತಿದರು. ನಾವೂ ಇದ್ದೆವು. ಮೇಲೆದ್ದ ವಾಸನೆಯೇ ಎಲ್ಲವನ್ನೂ ಹೇಳಿತು. ದಿಣ್ಣೆಯ ಆ ಕಡೆಯ ಇಳಿಜಾರಿನ ಕೆಳಗೆ ಹೊಸದಾಗಿ ನೀರಾವರಿಯ ಗದ್ದೆಗಳಾಗಿದ್ದವು. ನೀರು ನೆಲದೊಳಗಿನಿಂದ ಯಾರಿಗೂ ಕಾಣದ ಹಾದಿ ಹಿಡಿದು ಹಗೇವಿನ ಗೋಡೆಯನ್ನು ಮುಟ್ಟಿತ್ತು. ರಾಗಿ ಕಪ್ಪಾಗಿ, ಹೆಂಟೆಗಟ್ಟಿ, ಮಣ್ಣಿಗೆ ಮಣ್ಣಾಗಿತ್ತು. ಮೊದಲೇ ಗುರುತು ತಪ್ಪದೆ ಇದನ್ನೇ ತೆರೆದಿದ್ದರೆ ಮದುವೆಯ ಚಪ್ಪರದ ಕೆಳಗೆ ಬಡಿಸಲು ಒಂದು ಹಿಡಿ ಹಿಟ್ಟೂ ಇರುತ್ತಿರಲಿಲ್ಲ. ಅಕ್ಕಿಗೆ ಅಲೆಯುವ ಆ ಕಾಲದಲ್ಲಿ ಹೆಣ್ಣು ಹೆತ್ತವನ ಮುಖ ಏನಾಗುತ್ತಿತ್ತೆಂಬುದನ್ನು ಇಂದಿಗೂ ನೆನೆಯಲಾರೆ. ಪ್ರಮಾದವನ್ನೂ ಭಗವಂತನು ಕೈಯಲ್ಲಿ ಹಿಡಿದು ನಡೆಸುತ್ತಾನೆಂಬುದಕ್ಕೆ ನನಗೆ ಬೇರೆ ಪ್ರ‌ಮಾಣ ಬೇಡ.

ಬೋರೇಗೌಡ ಹಗೇವಿನ ಬಾಯಲ್ಲಿ ಕುಳಿತುಬಿಟ್ಟ. “ಅವ್ವ ಕೈಯಾರ ಮುಚ್ಚಿದ್ದು ಕಣಣ್ಣ. ಈ ಮಗೀನ ಮಡ್ಲಾಗ್ ಇಟ್ಕಂಡು ಮಣ್ ಮೆತ್ತಿದ್ಳು. ಅವ್ಳಿಗೆ ಎಂಗ್ ಏಳ್ಳಿ? ನಿಂಗೂ ಏನೂ ಸಿಗ್ನಿಲ್ವಲ್ಲ.”

ಕಾಳೇಗೌಡನೂ ತಮ್ಮನ ಪಕ್ಕದಲ್ಲಿ ಕುಳಿತ. “ನಂಗೇನ್ಲಾ, ಕಾಲ ಬಂದಂಗ್ ಉಣ್ತೀನಿ. ಅವ್ವಂಗೆ ಏಳ್ಬ್ಯಾಡ. ಉಂಡಿದ್ದು ಅವ್ಳ್ ಮುಚ್ಚಿದ್ ರಾಗಿನೇ. ಇಬ್ರೂ ಅಂಗೇ ಏಳಾನ. ಮೇಷ್ಟ್ರೇ, ನೀವೂ.”

“ನಾನು ಸುಳ್ಳು ಹೇಳುವವನಲ್ಲವಪ್ಪ” ಎಂದೆ.

“ಸುಳ್ಳು ಏಳ್ಬ್ಯಾಡಿ ಮೇಷ್ಟ್ರೇ, ನಿಜಾನೂ ಏಳ್ಬ್ಯಾಡಿ” ಎಂದ. ಧರ್ಮಸೂಕ್ಷ್ಮದ ಈ ಮೂರನೆಯ ದಾರಿಯನ್ನು ನಾನು ಒಪ್ಪಿಕೊಂಡೆ.

ಮದುವೆಯ ದಿನ ಕಾಳೇಗೌಡ ತಾನೇ ಗಾಡಿ ಹೊಡೆದುಕೊಂಡು, ತಾಯಿಯನ್ನು ಕರೆತಂದ. ಚಿಕ್ಕತಾಯಿ ಹಸೆಯಿಂದ ಎದ್ದೇ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಳು, ಹೆಂಗಸರು ಮದುಮಗಳ ನಾಚಿಕೆಯ ವಿಷಯವಾಗಿ ಏನೇನೋ ಅಂದರು, ಅವಳು ಕೇಳಿಸಿಕೊಳ್ಳಲಿಲ್ಲ. ಧಾರೆಯಾಯಿತು. ಎಲೆಗಳು ಬಿದ್ದವು. ಆವಿಯಾಡುವ ಮುದ್ದೆ, ಅವರೆಕಾಳಿನ ಸಾರು. ಕಡಲು ದಾಟಿದ ರಂಗಸ್ವಾಮಿ ಎಲ್ಲರೊಡನೆ ಕುಳಿತು ಮುದ್ದೆ ಮುರಿದ. ನಮ್ಮ ಆಚಾರದ ಕಟ್ಟಿಗೆ ಒಳಪಟ್ಟ ನನಗೆ ಚಪ್ಪರದ ಕಂಬದ ಬಳಿ ಹಾಲು ಹಣ್ಣು. ಆ ಪಂಕ್ತಿಯನ್ನೂ ನನ್ನ ಬಾಳೆಹಣ್ಣನ್ನೂ ಮತ್ತೆ ಮತ್ತೆ ನೋಡಿದಾಗ, ಕಟ್ಟು ಯಾರನ್ನು ಹೊರಗಿಟ್ಟಿದೆಯೆಂಬ ಒಂದು ಸಣ್ಣ ಸಂಶಯ ಮನಸ್ಸಿನಲ್ಲಿ ಸುಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಪುಟ್ಟಮ್ಮ ನನ್ನ ಎದುರಿಗೇ ಕುಳಿತಿದ್ದಳು. ಒಂದು ಪಕ್ಕದಲ್ಲಿ ಸಾರಿನ ಪಾತ್ರೆ ಹಿಡಿದ ಹಿರಿಯವನು, ಇನ್ನೊಂದು ಪಕ್ಕದಲ್ಲಿ ಮುದ್ದೆಯ ತಟ್ಟೆ ಹಿಡಿದ ಕಿರಿಯವನು. ಆಕೆ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ತಲೆಯೆತ್ತಿದಳು.

“ನನ್ ಕೈಲಿ ಮುಚ್ಚಿದ್ ರಾಗಿಯೇನ್ಲಾ ಇದು?”

“ಊ ಕಣವ್ವ, ನೀನ್ ಮುಚ್ಚಿದ್ದೇ” ಎಂದ ಕಾಳೇಗೌಡ, ಆಕೆ ಕೇಳಿ ಮುಗಿಸುವ ಮೊದಲೇ.

“ಅದೇ ಕಣವ್ವ, ಒಂದ್ ಕಾಳೂ ಕೆಟ್ಟಿರ್ನಿಲ್ಲ” ಎಂದ ಬೋರೇಗೌಡ, ಅಣ್ಣನ ಮುಖ ನೋಡುತ್ತ.

ಆಕೆ ಈ ಮುಖವನ್ನು ನೋಡಿದಳು, ಆ ಮುಖವನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಏನ್ ಮೇಷ್ಟ್ರೇ, ಔದಾ?”

ಒಂದು ಇಡೀ ಬಾಳೆಹಣ್ಣನ್ನು ನಾನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಸತ್ಯವ್ರತವನ್ನು ಫಲಾಹಾರದಿಂದ ಕಾಪಾಡಿಕೊಂಡ ನನ್ನನ್ನು ಆಕೆ ಕರುಣೆಯಿಂದ ನೋಡಿ, ಮತ್ತೆ ಮಕ್ಕಳ ಕಡೆಗೆ ತಿರುಗಿದಳು.

“ಕೊಳ್ತೋಗಿತ್ತಾ?”

ಹಿರಿಯವನ ಕೈಯಲ್ಲಿದ್ದ ಸಾರಿನ ಪಾತ್ರೆ ವಾಲಿತು. ತಮ್ಮ ಕೈಚಾಚಿ ಅದನ್ನು ಹಿಡಿದ. ಪುಟ್ಟಮ್ಮನ ಕಣ್ಣಲ್ಲಿ ನೀರು ತುಂಬಿ, ಸುಕ್ಕಿನಿಂದ ಸುಕ್ಕಿಗೆ ಇಳಿಯಿತು. ರಾಗಿ ಹೋದ ದುಃಖವೆಂದು ನಾನು ತಿಳಿದೆ. ಅಲ್ಲ, ಮುದುಕಿ ನಗುತ್ತಿದ್ದಳು.

“ಓಗ್ಲಿ ಬುಡ್ರಲಾ” ಎಂದಳು. “ಇಬ್ರೂ ಒಟ್ಟಾಗಿ ನಂಗೆ ಸುಳ್ಳೇಳಿ ಎಷ್ಟ್ ಕಾಲ ಆಗಿತ್ತು! ಎಲ್ಲಿ, ಇನ್ನೊಂದ್ ಕಿತ ಏಳಿ, ಕೇಳಾನ.”

ಆ ಸುಳ್ಳನ್ನು ಎರಡನೆಯ ಸಲ ಹೇಳಲಾರದೆ ಅವಳ ಎರಡು ಪಕ್ಕದಲ್ಲಿ ಕುಸಿದು ಕುಳಿತ ಆ ಅಣ್ಣತಮ್ಮಂದಿರಿಗೆ ಶುಭವಾಗಲಿ. ಆ ತಾಯಿಗೆ ಇಬ್ಬರ ಮನೆಯ ಹಿಟ್ಟೂ ರುಚಿಸಲಿ. ಚಿಕ್ಕತಾಯಿಯ ಸಂಸಾರ ತುಂಬಿ ತುಳುಕಲಿ. ಗೌಡರ ಜಗಳಕ್ಕೆ ಹೆದರಿ ಓಡಿಹೋದ ಆಳುಗಳಿಗೂ, ಟೋಪಿ ಕಳೆದುಕೊಂಡ ನನ್ನ ಮಿತ್ರನಿಗೂ, ಬಡಿಸಿದವರಿಗೂ, ಉಂಡವರಿಗೂ, ಕೊಳೆತು ಕಪ್ಪಾಗಿ ಮರುವರ್ಷ ಹೊಲಕ್ಕೆ ಗೊಬ್ಬರವಾಗಿ ಹೋದ ಆ ರಾಗಿಗೂ, ಇಷ್ಟು ದೂರ ನನ್ನೊಡನೆ ನಡೆದುಬಂದ ಓದುಗರಿಗೂ ಭಗವಂತನು ಮಂಗಳವನ್ನುಂಟುಮಾಡಲಿ.